ಲಗಮವ್ವನ ಕುರಿಗೆ ಕತ್ತರಿಯಿಲ್ಲ

ಹಿಂದೆ, ಬಹಳ ಹಿಂದೆ, ನಮ್ಮಜ್ಜನ ಅಜ್ಜನಿಗೆ ಇನ್ನೂ ಹಾಲುಹಲ್ಲು ಮೂಡಿರದ ಕಾಲದಲ್ಲಿ, ಇದೇ ಬೋಳಗುಡ್ಡದ ಕೆಳಗೆ ಒಂದು ಊರು ಇತ್ತಂತೆ. ಊರು ಅಂದರೆ ಕುರುಬರ ಹಟ್ಟಿ. ಹನ್ನೊಂದು ಮನೆ, ಹನ್ನೊಂದು ಕುರಿದೊಡ್ಡಿ. ಆ ಹಟ್ಟಿಯಲ್ಲಿ ಲಗಮವ್ವ ಎಂಬ ಹೆಂಗಸು ಇದ್ದಳಂತೆ. ಮುಗಿಲು ನೋಡದೆ ಮಳೆ ಹೇಳುತ್ತಿದ್ದಳಂತೆ.

ನೀವು ಮಳೆ ಅಳೆಯುವ ಹುಚ್ಚಿನವರು. ಮನೆ ಮಾಳಿಗೆ ಮೇಲೆ ಡಬ್ಬಿ ಇಟ್ಟು, ಬಿದ್ದ ನೀರನ್ನು ಪುಸ್ತಕದಲ್ಲಿ ಬರೆದಿಡುವವರು. ಆ ದೊಡ್ಡ ಆಲಿಕಲ್ಲು ಮಳೆ ಯಾವ ವರ್ಷ ಬಿತ್ತು, ಕಲ್ಲು ಎಷ್ಟು ದಪ್ಪ ಇತ್ತು ಎಂದು ಕೇಳಿಕೊಂಡು ಬಂದಿದ್ದೀರಿ. ಬಂದವರು ಅದನ್ನು ಕೇಳುವ ಮೊದಲು, ಇಂಥ ಬಿಸಿಲಲ್ಲಿ ಹೆಗಲ ಮೇಲೆ ಕಂಬಳಿ ಯಾಕಜ್ಜ ಎಂದು ಕೇಳಿ ನಕ್ಕಿರಿ. ನಗಿರಿ, ಪರವಾಗಿಲ್ಲ. ವರ್ಷ ನನಗೆ ಗೊತ್ತಿಲ್ಲ. ಕಲ್ಲಿನ ದಪ್ಪ ಕೇಳಿದರೆ ಒಬ್ಬ ಬೇಲದ ಹಣ್ಣಿನಷ್ಟು ಅಂತಾನೆ, ಇನ್ನೊಬ್ಬ ತೆಂಗಿನಕಾಯಿಯಷ್ಟು ಅಂತಾನೆ. ತೆಂಗಿನಕಾಯಿ ಅಂದವನ ಮಾತು ಬರೆದುಕೊಳ್ಳಬೇಡಿ, ಅವನ ಮನೆಯಲ್ಲಿ ಎಲ್ಲವೂ ದೊಡ್ಡದೇ. ನಾನು ಲಗಮವ್ವನ ಕಥೆ ಹೇಳುತ್ತೇನೆ.

ಲಗಮವ್ವ ನೂಲುವವಳು. ಗಂಡ ಬೇಗ ತೀರಿಕೊಂಡಿದ್ದ. ಒಬ್ಬನೇ ಮಗ, ಬರಮಪ್ಪ. ದೊಡ್ಡಿಯಲ್ಲಿ ನಲವತ್ತು ಕುರಿ, ಅವುಗಳಲ್ಲಿ ಒಂದು ಮುದಿ ಕುರಿ. ಅದಕ್ಕೆ ಹಿರಿಯಕ್ಕ ಎಂದು ಹೆಸರು. ಮರಿ ಹಾಕುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು, ಹಲ್ಲು ಉದುರಿತ್ತು. ಬೇರೆಯವರಾಗಿದ್ದರೆ ಅದನ್ನು ಯಾವತ್ತೋ ಕೊಯ್ದು ಉಂಡಿರುತ್ತಿದ್ದರು. ಲಗಮವ್ವ ಮಾತ್ರ ಅದಕ್ಕೆ ಜೋಳದ ನುಚ್ಚು ಬೇಯಿಸಿ ಹಾಕುತ್ತಿದ್ದಳಂತೆ.

ಯಾಕೆಂದರೆ ಅವಳ ವಿದ್ಯೆಯೆಲ್ಲ ಆ ಕುರಿಯ ಕುತ್ತಿಗೆಯಲ್ಲಿತ್ತು. ದಿನಾ ಬೆಳಗಾಗುತ್ತಲೇ ಎದ್ದು ಬಂದು, ರಾತ್ರಿಯೆಲ್ಲ ಬಯಲಲ್ಲಿ ಮಲಗಿದ್ದ ಹಿರಿಯಕ್ಕನ ಕುತ್ತಿಗೆಯ ಉಣ್ಣೆಯೊಳಗೆ ಬೆರಳಿಡುತ್ತಿದ್ದಳು. ಗಾಳಿಯಲ್ಲಿ ನೀರಿದ್ದರೆ ಉಣ್ಣೆ ಭಾರವಾಗುತ್ತದೆ, ಜಿಡ್ಡು ಬೆರಳಿಗೆ ಅಂಟುತ್ತದೆ. ಒಣಗಾಳಿಯಾದರೆ ಸರಸರ ಅನ್ನುತ್ತದೆ. ಇಷ್ಟು ನನಗೂ ಗೊತ್ತು, ನಿಮಗೂ ಈಗ ಗೊತ್ತಾಯಿತು. ಆದರೆ ಅವಳ ಬೆರಳಿಗೆ ಮಳೆ ಸಂಜೆಗೋ ನಾಳೆಗೋ, ಬರೀ ನೀರೋ ಕಲ್ಲೋ ಎಂಬುದೂ ತಿಳಿಯುತ್ತಿತ್ತಂತೆ. ನಲವತ್ತು ವರ್ಷ ಉಣ್ಣೆ ಎಳೆದ ಬೆರಳು ಅದು. ಕತ್ತರಿಸಿಟ್ಟ ಉಣ್ಣೆ ಮುಟ್ಟಿ ಹೇಳಬಾರದೇ ಎಂದು ಯಾರೋ ಕೇಳಿದರಂತೆ. ಅದು ಒಲೆಯ ಹೊಗೆ ಕುಡಿದಿರುತ್ತದೆ, ಸುಳ್ಳು ಹೇಳುತ್ತದೆ ಎಂದಳಂತೆ. ಅದಕ್ಕೇ ಹಟ್ಟಿಯ ಕುರಿಗಳಿಗೆಲ್ಲ ಕತ್ತರಿ ಬಿದ್ದರೂ ಹಿರಿಯಕ್ಕನ ಕುತ್ತಿಗೆಗೆ ಬೀಳುತ್ತಿರಲಿಲ್ಲ.

ಬೆಳಿಗ್ಗೆ ಗಂಡಸರು ಲಗಮವ್ವನ ದೊಡ್ಡಿಯ ಮುಂದೆ ಬಂದು ನಿಲ್ಲುತ್ತಿದ್ದರು. ಇವತ್ತು ಹೇಗೆ ಎಂದು ಕೇಳುತ್ತಿದ್ದರು. ಅವಳು ಹೋಗಿ ಅಂದರೆ ಮರಳಹಳ್ಳ ದಾಟಿ ಬೋಳಗುಡ್ಡದ ಮೇಲಕ್ಕೆ ಹೋಗುತ್ತಿದ್ದರು. ಅಲ್ಲಿ ಹುಲ್ಲು ಚೆನ್ನಾಗಿದೆ, ಆದರೆ ಒಂದು ಮರವಿಲ್ಲ, ಮರೆಯಿಲ್ಲ. ಬೇಡ ಅಂದರೆ ಹಟ್ಟಿಯ ಹಿಂದಿನ ಬಂಡೆಗಳ ಸಂದಿಯಲ್ಲೇ ಮೇಯಿಸುತ್ತಿದ್ದರು. ಹೋಗಿ ಅಂದ ದಿನ ಕಂಬಳಿಯನ್ನೂ ಮನೆಯಲ್ಲೇ ಬಿಟ್ಟು ಹೋಗುವಷ್ಟು ನಂಬಿಕೆ. ಕುರುಬ ಕಂಬಳಿ ಬಿಟ್ಟು ಹೊಸ್ತಿಲು ದಾಟುತ್ತಾನೆಂದರೆ ಅದೇನು ಸಣ್ಣ ನಂಬಿಕೆಯಲ್ಲ. ಲಗಮವ್ವ ಹೇಳಿದ್ದು ತಪ್ಪಿದ್ದಿಲ್ಲ ಎನ್ನುತ್ತಿದ್ದರು. ಹಿರಿಯಕ್ಕನ ಕುತ್ತಿಗೆ, ಅದಕ್ಕೂ ಮೊದಲು ಅದರ ತಾಯಿ, ಅಜ್ಜಿಯರ ಕುತ್ತಿಗೆ ಮುಟ್ಟಿ ಹೇಳಿದ್ದು ಮೂವತ್ತು ವರ್ಷ ತಪ್ಪಿರಲೂ ಇಲ್ಲವಂತೆ.

ಹೀಗಿರಲಾಗಿ ಬರಮಪ್ಪನಿಗೆ ಮದುವೆ ಗೊತ್ತಾಯಿತು. ಹೋಳಿಹುಣ್ಣಿಮೆ ಕಳೆದು, ಯುಗಾದಿ ಇನ್ನೂ ಬಂದಿರಲಿಲ್ಲ. ಆ ಹಟ್ಟಿಯಲ್ಲಿ ಒಂದು ಕಟ್ಟಳೆ. ಮದುಮಗ ಕೂರುವ ಕಂಬಳಿಯನ್ನು ತಾಯಿಯೇ ನೂಲಬೇಕು, ಉಣ್ಣೆ ತಮ್ಮ ದೊಡ್ಡಿಯದೇ ಆಗಿರಬೇಕು, ಬಣ್ಣ ಮುಟ್ಟಿಸಬಾರದು. ಬೇರೆ ದೊಡ್ಡಿಯ ಒಂದೆಳೆಯೂ ಸೇರಬಾರದು. ಲಗಮವ್ವ ದಿನ ನೋಡಿ ಕತ್ತರಿ ಇಡಬಹುದು ಅಂದಳು. ಹನ್ನೊಂದು ದೊಡ್ಡಿಯ ಕುರಿಗಳನ್ನೂ ಹಳ್ಳದಲ್ಲಿ ತೊಳೆದು ಉಣ್ಣೆ ಕತ್ತರಿಸಿದರು. ಕುರಿಗಳೆಲ್ಲ ಬೋಳು ಬೋಳಾಗಿ, ತಮ್ಮನ್ನು ತಾವೇ ಗುರುತು ಹಿಡಿಯದೆ ಅರಚುತ್ತಿದ್ದವಂತೆ.

ಲಗಮವ್ವ ಹಗಲೆಲ್ಲ ನೂತಳು. ಕಂಬಳಿ ಮಗ್ಗಕ್ಕೇರಿತು. ಎಲ್ಲ ಆಯಿತು, ಕೊನೆಗೆ ಅಂಚಿಗೆ ಒಂದು ಗೇಣು ಕಡಿಮೆ ಬಿತ್ತು. ನಲವತ್ತು ಕುರಿಯ ಉಣ್ಣೆಯಲ್ಲಿ ಅಂಚಿಗೆ ಬೇಕಾದ ಕರಿಯದು ಮುಗಿದಿತ್ತು. ಕರಿ ಉಣ್ಣೆ ಉಳಿದದ್ದು ಒಂದೇ ಕಡೆ, ಹಿರಿಯಕ್ಕನ ಕುತ್ತಿಗೆಯಲ್ಲಿ.

ಬರಮಪ್ಪ ಬೇಡವೆಂದನಂತೆ. "ಅಂಚು ಇಲ್ಲದಿದ್ರ ಏನಾತು ಬಿಡವ್ವ, ನಾ ಏನ್ ಅಂಚಿನ ಮ್ಯಾಲೆ ಕುಂದರ್ತೀನಿ?" ಎಂದು ನಗಿಸಿದನಂತೆ. ಲಗಮವ್ವ ಕೇಳಲಿಲ್ಲ. ಬೀಗರು ಬಂದಾಗ ಮೊದಲು ನೋಡುವುದೇ ಅಂಚನ್ನು. ಅಪ್ಪನಿಲ್ಲದ ಹುಡುಗನ ಮದುವೆ ಕುಂಟಿತು ಅನ್ನಬಾರದು ಎಂಬುದು ಅವಳ ಹಟ. ಮಳೆಗಾಲ ದೂರ ಇದೆ, ಅಷ್ಟರಲ್ಲಿ ಕುತ್ತಿಗೆಯ ಕೂದಲು ಬೆಳೆಯುತ್ತದೆ, ಈ ಬಿಸಿಲಲ್ಲಿ ಎಂಥ ಮಳೆ ಎಂದುಕೊಂಡಳು. ಕತ್ತರಿಯನ್ನು ಬೇರೆಯವರ ಕೈಗೆ ಕೊಡಲಿಲ್ಲ. ತಾನೇ ಹಿಡಿದು ಹಿರಿಯಕ್ಕನ ಕುತ್ತಿಗೆ ಬೋಳಿಸಿದಳು. ಮಗನ ಮೇಲಿನ ಆಸೆಗೆ ಮಾಡಿದ್ದು. ಅದಕ್ಕೆ ನಾನು ಅವಳನ್ನು ಬೈಯುವುದಿಲ್ಲ. ನಾನು ಬೈಯುವುದು ಮಾರನೆಯ ಬೆಳಗಿನದಕ್ಕೆ.

ಮಾರನೆಯ ಬೆಳಿಗ್ಗೆ ಗಂಡಸರು ಎಂದಿನ ಹಾಗೆ ಬಂದು ನಿಂತರು. ಎಲ್ಲರಿಗಿಂತ ಹಿರಿಯ ಗುಡದಪ್ಪ ಕೇಳಿದನಂತೆ, "ಯವ್ವಾ, ಇವತ್ತ ಹೆಂಗೈತಿ?" ಲಗಮವ್ವನ ಕೈ ಅಭ್ಯಾಸದಂತೆ ಹಿರಿಯಕ್ಕನ ಕುತ್ತಿಗೆಗೆ ಹೋಯಿತು. ಬೆರಳಿಗೆ ಸಿಕ್ಕಿದ್ದು ಬರೀ ಚರ್ಮ. ಬೆಚ್ಚಗಿತ್ತು, ನಾಡಿ ಬಡಿಯುತ್ತಿತ್ತು, ಬೇರೆ ಏನೂ ಹೇಳಲಿಲ್ಲ.

ಹನ್ನೊಂದು ದೊಡ್ಡಿಯ ಗಂಡಸರು ಅವಳ ಬಾಯಿಯನ್ನೇ ನೋಡುತ್ತಿದ್ದರು. ಗೊತ್ತಿಲ್ಲ ಎಂಬ ಮಾತನ್ನು ಅವಳು ಮೂವತ್ತು ವರ್ಷದಲ್ಲಿ ಒಮ್ಮೆಯೂ ಆಡಿರಲಿಲ್ಲ. ಅಂಚಿನ ಆಸೆಗೆ ಹಟ್ಟಿಯ ಕಣ್ಣನ್ನೇ ಕಿತ್ತುಕೊಂಡಳು ಎನ್ನುತ್ತಾರೆ ಎಂದು ಹೆದರಿದಳೋ, ನಾಚಿದಳೋ, ಅದು ದೇವರಿಗೇ ಗೊತ್ತು. ಮುಗಿಲ ಕಡೆ ನೋಡಿದಳಂತೆ. ಅವಳು ಮುಗಿಲು ನೋಡಿದ್ದನ್ನು ಜನ ಅವತ್ತೇ ಮೊದಲು ಕಂಡದ್ದು. ಬಿಸಿಲು ನಿಗಿನಿಗಿ ಇತ್ತು. ಲಗಮವ್ವ "ಹೋಗ್ರಿ" ಎಂದಳು.

ಬರಮಪ್ಪ ಅವ್ವನ ಕೈಯನ್ನು ನೋಡಿದ, ಕುರಿಯ ಕುತ್ತಿಗೆಯನ್ನು ನೋಡಿದ. ಹಿರಿಯರ ಮುಂದೆ ತಾಯಿಯ ಮಾತನ್ನು ತೆಗೆದುಹಾಕುವ ಮಗ ಅವನಲ್ಲ. ಒಳಗೆ ಹೋಗಿ ತನ್ನ ಹಳೆಯ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಬಂದ. ಉಳಿದವರು ದಾರಿಯುದ್ದಕ್ಕೂ ಅವನನ್ನು ಕಾಡಿಸಿದರಂತೆ. "ಮದುಮಗಗ ಈಗಲೇ ಚಳಿ ಹತ್ತೈತಿ ನೋಡ್ರಿ" ಎಂದರಂತೆ. ಹೀಗೆ ಅವತ್ತು ಬೋಳಗುಡ್ಡಕ್ಕೆ ಹೋದದ್ದು ಹನ್ನೊಂದು ಬೋಳು ಹಿಂಡು, ಹದಿನೆಂಟು ಗಂಡಸರು, ಒಂದು ಕಂಬಳಿ.

ನಡುಮಧ್ಯಾಹ್ನ ಗಾಳಿ ನಿಂತಿತಂತೆ. ಕುರಿಗಳು ಮೇಯುವುದನ್ನು ಬಿಟ್ಟು ಒಂದರ ಹೊಟ್ಟೆಯಡಿ ಒಂದು ತಲೆ ತೂರಿಸಿದವಂತೆ. ಬಡಗಣದಿಂದ ಮೋಡ ಬಂತು. ಕರಿಯದಲ್ಲ, ಹಸಿರು. ಹಸಿರು ಮೋಡ ಅಂದರೆ ನೀವು ತಲೆಯಾಡಿಸುತ್ತಿದ್ದೀರಿ, ನಿಮಗೆ ಗೊತ್ತು ಅದು. ಅವರಿಗೂ ಗೊತ್ತಿತ್ತು. ಓಡಿದರು. ಹಳ್ಳಕ್ಕೆ ಇನ್ನೂ ಅರ್ಧ ದಾರಿ ಇರುವಾಗ ಬಿತ್ತು ಮೊದಲ ಕಲ್ಲು.

ಎಷ್ಟು ಹೊತ್ತು ಬಿತ್ತೆಂದು ಕೇಳಬೇಡಿ. ಕೆಳಗಿನ ಹಟ್ಟಿಯ ಹೆಂಗಸರಿಗೆ ಒಂದು ಅನ್ನ ಬೇಯುವಷ್ಟು ಹೊತ್ತು, ಮೇಲಿದ್ದವರಿಗೆ ಒಂದು ಜನ್ಮ. ಕಲ್ಲಿನ ಏಟಿಗೆ ಸತ್ತದ್ದು ಸ್ವಲ್ಪ. ಆಮೇಲೆ ಸುರಿದ ತಣ್ಣನೆಯ ನೀರು, ಅದರ ಮೇಲೆ ಬೀಸಿದ ಗಾಳಿ, ಅದು ಬೋಳು ಮೈಗಳನ್ನು ತೆಗೆದುಕೊಂಡು ಹೋಯಿತು. ಉಣ್ಣೆ ಇದ್ದಿದ್ದರೆ ಅರ್ಧ ಹಿಂಡಾದರೂ ಉಳಿಯುತ್ತಿತ್ತು. ನಿಂತ ಕುರಿ ನಿಂತಲ್ಲೇ ಸೆಟೆದುಕೊಂಡಿತಂತೆ. ಗುಡ್ಡ ಬೆಳ್ಳಗಾಯಿತು. ಮರಳಹಳ್ಳದ ತಿರುವಿನಲ್ಲಿ ಎದೆಯುದ್ದ ಕಲ್ಲು ರಾಶಿ ಬಿದ್ದು ಮೂರು ದಿನ ಕರಗಲಿಲ್ಲವಂತೆ. ನಮ್ಮ ಸೀಮೆಯ ಜನ ಅಂಥ ಬಿಳುಪನ್ನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಹದಿನೆಂಟು ಜನರಲ್ಲಿ ಏಳು ಜನ ನಡೆದು ಬಂದರು. ಕೆಲವರು ಐದು ಅಂತಾರೆ. ಬಂದವರಲ್ಲಿ ಮುದುಕ ಗುಡದಪ್ಪ ಒಬ್ಬ. ಎಲ್ಲರಿಗಿಂತ ಹಿರಿಯ, ಎಲ್ಲರಿಗಿಂತ ಬಡಕಲು. ಅವನು ಹೇಗೆ ಉಳಿದ ಎಂದು ಎಲ್ಲರಿಗೂ ಆಶ್ಚರ್ಯ. ಅವನ ಮೈಮೇಲೆ ಬರಮಪ್ಪನ ಕಂಬಳಿ ಇತ್ತು.

ಬಹಳ ದಿನಗಳ ಮೇಲೆ ಗುಡದಪ್ಪ ಹೇಳಿದ್ದು ಇಷ್ಟಂತೆ. ಬರಮಪ್ಪ ಅವನನ್ನೂ ನಾಲ್ಕು ಮರಿಗಳನ್ನೂ ನೆಲಕ್ಕೆ ಕೂರಿಸಿ ಮೇಲೆ ಕಂಬಳಿ ಹೊದಿಸಿದ. ಗಾಳಿ ಅದನ್ನು ಎತ್ತಿ ಎಸೆಯುತ್ತಿತ್ತು. ಬರಮಪ್ಪ ಹೊರಗೇ ನಿಂತು ಕಂಬಳಿಯನ್ನು ನೆಲಕ್ಕೆ ಒತ್ತಿ ಹಿಡಿದ. ಒಳಗೆ ಬಾರೋ ಎಂದು ಗುಡದಪ್ಪ ಕರೆದ. "ಯಾರರೆ ಒಬ್ರು ಹಿಡೀಬೇಕಲ್ಲ ಕಾಕಾ" ಎಂದನಂತೆ. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಮಾತು ಹೇಳಿದನಂತೆ. "ಅವ್ವಗ ಗೊತ್ತಿರಲಿಲ್ಲ ಅನ್ನೂದು ನನಗ ಗೊತ್ತಿತ್ತು. ಅಕಿ ಮುಂದ ಅದನ್ನ ಹೇಳಬ್ಯಾಡ." ಆಮೇಲೆ ಅವನ ದನಿ ಕೇಳಲಿಲ್ಲ. ಮಳೆ ನಿಂತು ಗುಡದಪ್ಪ ಹೊರಬಂದಾಗ ಹುಡುಗನ ಎರಡು ಕೈಯೂ ಕಂಬಳಿಯ ಮೇಲೇ ಇದ್ದವಂತೆ. ಬಿಡಿಸಿಕೊಳ್ಳಬೇಕಾಯಿತಂತೆ.

ಹೆಣಗಳನ್ನು ಹಟ್ಟಿಗೆ ತಂದರು. ಒಂದೊಂದು ಮನೆಯಲ್ಲೂ ಅಳು. ಜನ ಏನೇನೋ ಮಾತಾಡಿದರು. ದೇವರಿಗೆ ಹರಕೆ ತಪ್ಪಿತ್ತು ಅಂದರು, ಹಣೆಬರಹ ಅಂದರು. ಲಗಮವ್ವನ ಮೇಲೆ ಯಾರೂ ಬೆರಳು ಮಾಡಲಿಲ್ಲ. ಅವಳೂ ಮಗನನ್ನು ಕಳಕೊಂಡವಳು, ಅಷ್ಟು ದೊಡ್ಡ ಮಳೆಯನ್ನು ಯಾರು ಹೇಳಲಾದೀತು ಎಂದು ಅವಳ ಪರವಾಗಿಯೇ ಆಡಿಕೊಂಡರು. ಗುಡದಪ್ಪನೂ ಬಾಯಿ ಬಿಡಲಿಲ್ಲ. ಅವಳು ಸುಮ್ಮನಿದ್ದಿದ್ದರೆ ಅದು ಅಲ್ಲಿಗೇ ಮುಚ್ಚಿಹೋಗುತ್ತಿತ್ತು.

ಮಣ್ಣು ಮಾಡುವ ಹೊತ್ತಿಗೆ ಲಗಮವ್ವ ಆ ಮದುವೆಯ ಕಂಬಳಿಯನ್ನು ತಂದು ಮಗನ ಮೇಲೆ ಹೊದಿಸಿದಳು. ಅಂಚು ಪೂರ್ತಿಯಾಗಿತ್ತಂತೆ, ಗೇಣೂ ಕಡಿಮೆ ಇರಲಿಲ್ಲವಂತೆ. ಹೊದಿಸಿ ಎದ್ದು, ಹಟ್ಟಿಯ ಎಲ್ಲರ ಎದುರಿಗೆ ನಿಂತು ಅಂದಳು. "ಅವತ್ತ ನನಗ ಏನೂ ಗೊತ್ತಿರಲಿಲ್ಲ. ಕುರಿ ಬೋಳಿತ್ತು. ಗೊತ್ತಿಲ್ಲ ಅನ್ನಾಕ ನಾಲಿಗಿ ಏಳಲಿಲ್ಲ. ಹೋಗ್ರಿ ಅಂದೆ."

ಗಂಡನನ್ನು ಕಳಕೊಂಡ ಒಬ್ಬಳು ಕೆಳಗೆ ಬಗ್ಗಿ, ಇನ್ನೂ ಕರಗದೆ ಬಿದ್ದಿದ್ದ ಕಲ್ಲನ್ನು ಎತ್ತಿ ಅವಳಿಗೆ ಎಸೆದಳಂತೆ. ಹಣೆಗೆ ತಾಗಿ ರಕ್ತ ಬಂತು. ಲಗಮವ್ವ ಒರೆಸಿಕೊಳ್ಳಲಿಲ್ಲವಂತೆ.

ಅವಳು ಅಂದೇ ಗುಡ್ಡ ಹತ್ತಿ ಹೋದಳು, ಮತ್ತೆ ಬರಲಿಲ್ಲ ಎಂದು ಹೇಳುವವರಿದ್ದಾರೆ. ಕಥೆಗೆ ಅದು ಚೆನ್ನ. ನಮ್ಮಜ್ಜಿ ಹೇಳುತ್ತಿದ್ದದ್ದು ಬೇರೆ. ಲಗಮವ್ವ ಅದೇ ಹಟ್ಟಿಯಲ್ಲಿ, ಅದೇ ಜನರ ನಡುವೆ ಇನ್ನೂ ಹನ್ನೆರಡು ವರ್ಷ ಬದುಕಿದಳು. ಸಾಯುವುದಕ್ಕಿಂತ ಅದು ಕಷ್ಟ. ಮೊದಲ ಎರಡು ವರ್ಷ ಅವಳ ಒಲೆಗೆ ಯಾರೂ ಬೆಂಕಿ ಕೊಡಲಿಲ್ಲವಂತೆ, ಗುಡದಪ್ಪನ ಮನೆಯವರ ಹೊರತು. ಬರಮಪ್ಪನಿಗೆ ಗೊತ್ತಾಗಿದ್ದ ಹುಡುಗಿಯನ್ನು ಬೇರೆ ಊರಿಗೆ ಕೊಟ್ಟರು. ಆ ಹುಡುಗಿಯ ಹೆಸರು ಯಾರಿಗೂ ನೆನಪಿಲ್ಲ, ಅದೊಂದು ನನಗೆ ಬೇಜಾರು.

ಹಿರಿಯಕ್ಕ ಅವತ್ತು ಗುಡ್ಡಕ್ಕೆ ಹೋಗದೆ ಮನೆಯೊಳಗಿದ್ದುದರಿಂದ ಉಳಿದಿತ್ತು. ಅದರ ಕುತ್ತಿಗೆಯಲ್ಲಿ ಮತ್ತೆ ಉಣ್ಣೆ ಬಂತು. ಲಗಮವ್ವ ದಿನಾ ಬೆಳಿಗ್ಗೆ ಕೈಯಿಡುತ್ತಿದ್ದಳು, ಆದರೆ ಕೇಳಲು ಯಾರೂ ಬರುತ್ತಿರಲಿಲ್ಲ. ಮೂರನೆಯ ವರ್ಷ ಒಂದು ಬೆಳಿಗ್ಗೆ, ಕಲ್ಲೆಸೆದ ಆ ಹೆಂಗಸೇ ಬಂದು ದೊಡ್ಡಿಯ ಮುಂದೆ ನಿಂತಳಂತೆ. ಅವಳ ಮೈದುನ ಗುಡ್ಡಕ್ಕೆ ಹೊರಟಿದ್ದ. ಇವತ್ತು ಹೇಗೆ ಎಂದು ಕೇಳಿದಳು. ಲಗಮವ್ವ ಉಣ್ಣೆ ಮುಟ್ಟಿದಳು, ಬಹಳ ಹೊತ್ತು ಮುಟ್ಟಿದಳು. "ಗೊತ್ತಿಲ್ಲವ್ವ" ಎಂದಳು. ಆ ಹೆಂಗಸು ಮನೆಗೆ ಹೋಗಿ ಮೈದುನನ ಹೆಗಲಿಗೆ ಕಂಬಳಿ ಹಾಕಿ ಕಳಿಸಿದಳಂತೆ.

ಅಂದಿನಿಂದ ಇಂದಿನವರೆಗೆ ಈ ಗುಡ್ಡದ ಸುತ್ತಲಿನ ಹಟ್ಟಿಗಳಲ್ಲಿ ಪ್ರತಿ ದೊಡ್ಡಿಯಲ್ಲೂ ಒಂದು ಕುರಿಗೆ ಕತ್ತರಿ ಇಡುವುದಿಲ್ಲ. ಮದುವೆ ಇರಲಿ, ಹಬ್ಬವಿರಲಿ, ಅದು ಲಗಮವ್ವನ ಕುರಿ. ಬೆಳಿಗ್ಗೆ ಮನೆಯ ಹೆಂಗಸು ಅದರ ಕುತ್ತಿಗೆ ಮುಟ್ಟಿ ತಿಳಿದದ್ದನ್ನು ಹೇಳುತ್ತಾಳೆ. ತಿಳಿಯದಿದ್ದರೆ ಗೊತ್ತಿಲ್ಲ ಎಂದು ದೊಡ್ಡಿಗೆಲ್ಲ ಕೇಳುವಂತೆ ಕೂಗಿ ಹೇಳಬೇಕು. ಕೇಳಿದವರು ನಗಬಾರದು. ಈಗ ಫೋನು ಹೇಳುತ್ತದೆ, ರೇಡಿಯೋ ಹೇಳುತ್ತದೆ, ನೀವೂ ನಿಮ್ಮ ಪುಸ್ತಕ ನೋಡಿ ಹೇಳುತ್ತೀರಿ. ಹೇಳಿ, ಕೇಳುತ್ತೇವೆ. ಆದರೂ ಕುರಿಯನ್ನು ಮುಟ್ಟುತ್ತೇವೆ.

ಇವತ್ತು ಬೆಳಿಗ್ಗೆ ನಮ್ಮ ಸೊಸೆ ಮುಟ್ಟಿ ನೋಡಿದಳು. ಗೊತ್ತಿಲ್ಲ ಎಂದು ಕೂಗಿದಳು. ಅದಕ್ಕೇ ಈ ಕಂಬಳಿ.