ದೊರೆಯ ಕಣ್ಣಡಿಯ ಉಬ್ಬು ಮತ್ತು ಈರಕ್ಕನ ಎಮ್ಮೆ

ಒಂದಾನೊಂದು ಊರಿನಲ್ಲಿ ಈರಕ್ಕ ಎಂಬ ಹೆಂಗಸಿದ್ದಳು. ಬಯಲಾಟದವರ ಮುಖಕ್ಕೆ ಬಣ್ಣ ಬರೆಯುವುದು ಅವಳ ಕಸುಬು. ಅವಳು ಬಣ್ಣ ಹಚ್ಚಿದರೆ ಊರ ದರ್ಜಿ ರಾವಣನಾಗುತ್ತಿದ್ದ. ರಾವಣ ಮುಖ ತೊಳೆದರೆ ಮತ್ತೆ ದರ್ಜಿ. ಅವಳಿಗೊಂದು ಎಮ್ಮೆ. ಎಮ್ಮೆಗೆ ತುಂಬು ಗಬ್ಬ. ಇಬ್ಬರೂ ನೆಮ್ಮದಿಯಾಗಿದ್ದರು.

ಆ ಊರಿನ ದೊರೆ ದುಂಡಭೂಪ. ಒಂದು ಬೆಳಿಗ್ಗೆ ಅವನು ಕನ್ನಡಿ ನೋಡಿಕೊಂಡ. ಎರಡು ಕಣ್ಣಿನ ಕೆಳಗೂ ಊದಿತ್ತು. ಎಡಗಡೆ ಒಂದು ಪೂರಿ, ಬಲಗಡೆ ಒಂದು ಪೂರಿ. ಇಳಿಯಿತೇ ಎಂದು ಮತ್ತೆ ನೋಡಿಕೊಂಡ. ಇಳಿದಿರಲಿಲ್ಲ. ಹೀಗೆ ನೋಡುತ್ತ ನೋಡುತ್ತ ಮಲಗುವುದನ್ನೇ ಬಿಟ್ಟ. ಮಲಗದ್ದಕ್ಕೆ ಇನ್ನಷ್ಟು ಊದಿತು. ಊದಿದ್ದಕ್ಕೆ ಇನ್ನಷ್ಟು ನೋಡಿಕೊಂಡ.

ಮಂತ್ರಿ ಬಿಳಿ ಬಣ್ಣ ತಂದು ಉಬ್ಬಿನ ಮೇಲೆ ದಪ್ಪಗೆ ಬಳಿದ. ಉಬ್ಬು ಎರಡೂ ಚಂದ್ರನ ಹಾಗೆ ಹೊಳೆದವು. ಅಂದು ಸಂಕಷ್ಟಿ. ಉಪವಾಸವಿದ್ದವರೆಲ್ಲ ಅರಮನೆಗೆ ಬಂದು, ದೊರೆಯ ಮುಖ ನೋಡಿ ಕೈಮುಗಿದು, ಮಧ್ಯಾಹ್ನಕ್ಕೇ ಊಟ ಮಾಡಿದರು. ಎರಡು ಚಂದ್ರ ಕಂಡದ್ದಕ್ಕೆ ಎರಡೆರಡು ಸಲ ಉಂಡರು. ಮರುದಿನ ಮಂತ್ರಿ ಕಪ್ಪು ಬಳಿದ. ಹೆಂಗಸರು ಬಾವಿಯೆಂದುಕೊಂಡು ಬಿಂದಿಗೆ, ಹಗ್ಗ ತಂದರು.

ದೊರೆಗೆ ಅವಮಾನವಾಯಿತು. ಡಂಗುರ ಸಾರಿಸಿದ. "ಈ ರಾಜ್ಯದಲ್ಲಿ ಯಾವುದೂ ಊದಕೂಡದು. ಊದಿದ್ದೆಲ್ಲ ಸೋಮವಾರದೊಳಗೆ ಚಪ್ಪಟೆಯಾಗಬೇಕು." ಊದುವುದೆಂಬುದೇ ಲೋಕದಲ್ಲಿ ಇಲ್ಲದಿದ್ದರೆ ತನ್ನದು ಊದಿದೆಯೆಂದು ಯಾರಿಗೆ ತಾನೆ ಗೊತ್ತಾಗಬೇಕು ಎಂಬುದು ಅವನ ಲೆಕ್ಕಾಚಾರ.

ಇಡ್ಲಿ ಹಿಟ್ಟು ಹೆದರಿ ಉಬ್ಬಲಿಲ್ಲ. ಕಪ್ಪೆಗಳು ಉಸಿರು ಬಿಟ್ಟು ಕೂತವು. ಓಲಗದವರು, ಊದಕೂಡದು ಅಂದಿದ್ದಾರಲ್ಲ ಎಂದು ಓಲಗವನ್ನು ತಬಲದ ಹಾಗೆ ಬಡಿದರು.

ಶನಿವಾರ ಬೆಳಿಗ್ಗೆ ದೊರೆಯ ಆಳುಗಳು ಈರಕ್ಕನ ಹಟ್ಟಿಗೆ ಬಂದರು.

"ಈರಕ್ಕ, ನಿನ್ನ ಎಮ್ಮೆ ಊದೈತೆ."

"ಊದಿಲ್ಲ ಕಣಪ್ಪ. ಗಬ್ಬ ಆಗೈತೆ."

"ಡಂಗುರದಲ್ಲಿ ಗಬ್ಬದ ಸುದ್ದಿ ಇಲ್ಲ."

ಎಮ್ಮೆ ಮೆಲುಕು ನಿಲ್ಲಿಸಿತು. "ನಾನು ಸುಮ್ಮನೆ ಊದಿಲ್ಲ. ಒಳಗೆ ಒಬ್ಬರು ಇದಾರೆ," ಅಂದಿತು.

"ಸೋಮವಾರದೊಳಗೆ ಅವರನ್ನ ಹೊರಗೆ ಕರಿ. ಇಲ್ಲದಿದ್ರೆ ಕಣದಲ್ಲಿ ತೆನೆ ಒಕ್ಕೋ ರೋಣಗಲ್ಲು ತಂದು ಇದರ ಮೇಲೆ ಉರುಳಿಸ್ತೀವಿ," ಎಂದು ಹೇಳಿ ಹೋದರು.

ಈರಕ್ಕ ಎಮ್ಮೆಯ ಹೊಟ್ಟೆ ಸವರಿದಳು. ಒಳಗಿನ ಕರು ಅವಳ ಅಂಗೈಗೆ ಮೆಲ್ಲಗೆ ಒದೆಯಿತು. ಬಣ್ಣದ ಪೆಟ್ಟಿಗೆ ಕಂಕುಳಲ್ಲಿ ಇಟ್ಟುಕೊಂಡು ನೇರ ಅರಮನೆಗೆ ನಡೆದಳು.

"ನೀನೂ ಬಳಿಯೋಕೆ ಬಂದೆಯಾ?" ದೊರೆ ಕೇಳಿದ.

"ಮೊದಲು ವಿಚಾರಿಸೋಕೆ ಬಂದೆ, ಬುದ್ಧಿ," ಎಂದು ಅವಳು ಎಡಗಡೆಯ ಉಬ್ಬಿನ ಹತ್ತಿರ ಬಗ್ಗಿದಳು. "ನೀನು ಯಾರಪ್ಪ?"

"ನಾನು ದೊರೆಯ ನಿದ್ದೆ," ಅಂದಿತು ಉಬ್ಬು. "ಕಣ್ಣೊಳಗೆ ಬರೀ ಕನ್ನಡಿ. ನನಗೆ ಜಾಗ ಇಲ್ಲ. ಅದಕ್ಕೇ ಹೊರಗಡೆ ಜಗಲಿ ಮೇಲೆ ಕೂತಿದೀನಿ."

"ನೀನು?"

"ನಾನು ಮಿಕ್ಕರ್ಧ," ಅಂದಿತು ಬಲಗಡೆಯದು. "ಅವನು ಕೂತ. ನಾನೂ ಕೂತೆ."

"ಅದೆಲ್ಲ ಬೇಡ. ಇವನ್ನು ಮುಚ್ಚು," ಅಂದ ದೊರೆ.

"ಮುಚ್ತೀನಿ. ಆದರೆ ನಾನು ಹಚ್ಚೋವಾಗ ಕನ್ನಡಿ ನೋಡಬಾರದು. ಹಚ್ಚಿದ ಮೇಲೆ ನನ್ನ ಎಮ್ಮೆ ತಂಟೆಗೆ ಬರಬಾರದು."

"ಆಗಲಿ."

ಈರಕ್ಕ ಎರಡು ಬೆಳ್ಳಿ ಚಮಚಗಳನ್ನು ತಣ್ಣನೆ ಮಜ್ಜಿಗೆಯಲ್ಲಿ ಅದ್ದಿ, ಒರೆಸಿ, ಉಬ್ಬಿನ ಮೇಲಿಟ್ಟಳು. ಆಮೇಲೆ ಪೆಟ್ಟಿಗೆ ತೆರೆದಳು. ಬಿಳಿ ಬಣ್ಣ ಎದ್ದು ನಿಂತು, "ನನ್ನನ್ನು ಹಚ್ಚು," ಅಂದಿತು.

"ನೀನು ಉಬ್ಬನ್ನ ಎತ್ತಿ ತೋರಿಸ್ತೀಯ. ಕೂತ್ಕೊ," ಅಂದಳು.

"ಹಾಗಾದರೆ ನಾನು?" ಅಂದಿತು ಕಪ್ಪು.

"ನೀನು ಈಗಾಗಲೇ ಅಲ್ಲಿ ಇದೀಯ. ಉಬ್ಬಿನ ನೆರಳಲ್ಲಿ."

ಆ ನೆರಳಿಗೆ ಮೊದಲು ಕಿತ್ತಳೆ ಸಿಪ್ಪೆಯ ಬಣ್ಣ ಒಂದು ಚುಕ್ಕಿ ಇಟ್ಟಳು. ನೆರಳಿನ ನೀಲಿ ಅಡಗಿತು. ಆಮೇಲೆ ಅರಿಶಿನ, ಕಾವಿ, ಬಿಳಿ ಕಲಸಿ, ದೊರೆಯ ಕೆನ್ನೆಯ ಪಕ್ಕ ಹಿಡಿದು, ಎರಡೂ ಒಂದೇ ಆಗುವ ತನಕ ಕಲಸಿದಳು. ಉಬ್ಬಿನ ಮೇಲೆ ಹಚ್ಚಲಿಲ್ಲ. ಅದರ ಕೆಳಗಿನ ಗೆರೆಯಲ್ಲಿ ಮಾತ್ರ ಹಚ್ಚಿದಳು. ಉಂಗುರ ಬೆರಳಿನಲ್ಲೇ ಹಚ್ಚಿದಳು. ಹೆಬ್ಬೆರಳು ಒತ್ತುತ್ತದೆ, ತೋರುಬೆರಳು ದೂರುತ್ತದೆ, ಕಿರುಬೆರಳು ಹೊರಗೆ ಹೋಗಿಬರುತ್ತೇನೆ ಅನ್ನುತ್ತದೆ. ಉಂಗುರ ಬೆರಳಿಗೆ ಏನೂ ಕೆಲಸವಿಲ್ಲ, ಅದಕ್ಕೇ ಅದು ಹಗುರ. ಉಜ್ಜಲಿಲ್ಲ. ಮಗುವನ್ನು ತಟ್ಟುವ ಹಾಗೆ ತಟ್ಟಿದಳು. ತಟ್ ತಟ್, ತಟ್ ತಟ್.

ದೊರೆಯ ಕಣ್ಣು ಮುಚ್ಚಿತು. ಕನ್ನಡಿ ಹೊರಬಿತ್ತು. ಜಾಗವಾಯಿತು. ಎಡಗಡೆಯದು ಎದ್ದು ಒಳಗೆ ಹೋಯಿತು. ಅವನು ಹೋದನೆಂದು ಬಲಗಡೆಯದೂ ಹೋಯಿತು.

ದೊರೆ ಶನಿವಾರ ಮಲಗಿದವನು ಸೋಮವಾರ ಎದ್ದ. ಕಣ್ಣಡಿ ನುಣ್ಣಗಿತ್ತು. "ಈಗ ನಾನು ಯಾರನ್ನು ಮುಚ್ಚಲಿ?" ಎಂದು ಬಣ್ಣ ಕೇಳಿತು. ಅಷ್ಟೂ ಹೊತ್ತು ಪಕ್ಕದಲ್ಲೇ ಕಾದು ಕೂತಿದ್ದ ಈರಕ್ಕ ಕೊಬ್ಬರಿ ಎಣ್ಣೆಯಲ್ಲಿ ಅದನ್ನು ಒರೆಸಿ ತೆಗೆದಳು. ಅಷ್ಟರಲ್ಲಿ ಹೊರಗಡೆ ಗಡಗಡ ಸದ್ದಾಯಿತು. ದೊರೆ ಕೊಟ್ಟ ಮಾತು ಆಳುಗಳಿಗೆ ತಲುಪಿರಲಿಲ್ಲ, ರೋಣಗಲ್ಲು ಹಟ್ಟಿಯ ಕಡೆ ಹೊರಟಿತ್ತು.

ಈರಕ್ಕ ಓಡಿದಳು. ಪಂಚೆ ಎತ್ತಿ ಕಟ್ಟಿ ದೊರೆಯೂ ಅವಳ ಹಿಂದೆ ಓಡಿದ. ಹೋಗಿ ನೋಡಿದರೆ, ಕಲ್ಲಿನ ಎದುರಿಗೆ ಒಂದು ಕರು ನಾಲ್ಕು ಕಾಲು ನಾಲ್ಕು ಕಡೆ ಇಟ್ಟು ನಿಂತಿತ್ತು. ಆಳುಗಳು ಎಮ್ಮೆಯ ಹೊಟ್ಟೆಗೆ ಹಗ್ಗ ಹಿಡಿದು ಅಳೆಯುತ್ತಿದ್ದರು.

"ಚಪ್ಪಟೆ ಆಗೈತೆ, ಬುದ್ಧಿ," ಅಂದರು.

"ಕರೀರಿ ಅಂದಿದ್ರಲ್ಲ. ಬಂದ್ರು," ಅಂದಿತು ಎಮ್ಮೆ.

ಈರಕ್ಕ ಕರುವನ್ನು ತಬ್ಬಿಕೊಂಡಳು. ದೊರೆಗೆ ನಾಚಿಕೆಯಾಯಿತು. ಡಂಗುರವನ್ನು ಹಿಂದಕ್ಕೆ ತೆಗೆದುಕೊಳ್ಳಿ ಅಂದ. ಡಂಗುರದವನು ಹಿಂದು ಹಿಂದಕ್ಕೆ ನಡೆಯುತ್ತ, ಸಾರಿದ ಮಾತನ್ನೆಲ್ಲ ಕೊನೆಯಿಂದ ಮೊದಲಿಗೆ ಹೇಳಿ, ಬಾಯಿಗೆ ಹಾಕಿಕೊಂಡು ನುಂಗಿದ.

ಈರಕ್ಕ ಗಿಣ್ಣು ಮಾಡಿ ಊರಿಗೆಲ್ಲ ಹಂಚಿದಳು. ದೊರೆ ಎರಡು ಸಲ ಹಾಕಿಸಿಕೊಂಡು ತಿಂದ.

ಇದರ ನೀತಿ ಇಷ್ಟೇ. ಉಬ್ಬಿನ ಮೇಲೆ ಬಣ್ಣ ಹಚ್ಚಬೇಡಿ, ಕೆಳಗೆ ಹಚ್ಚಿ. ಎಮ್ಮೆಗೆ ಎಲ್ಲೂ ಹಚ್ಚಬೇಡಿ. ಕತೆ ತನ್ನ ಚಾಪೆ ಸುತ್ತಿತು, ಇನ್ನು ನೀವು ನಿಮ್ಮದನ್ನು ಬಿಚ್ಚಿ.