ಎರಡು ಗೀಟಿನ ವಿಮಾನ ಮತ್ತು ಮೌನಾಚಾರಿ

ಬಹಳ ಹಿಂದೆ, ಈಗಿರೋ ಮುದುಕರ ಮುದುಕರೂ ತೊಟ್ಟಿಲಲ್ಲಿ ಕೈಕಾಲು ಆಡಿಸುತ್ತಿದ್ದ ಕಾಲದಲ್ಲಿ, ಹೊಗರೆಹಳ್ಳಿ ಅಂತ ಒಂದು ಊರು. ಊರ ಮುಂದೆ ಬಯಲು, ಬಯಲ ತುಂಬ ವಿಮಾನ. ಎಲ್ಲೋ ದೂರದಲ್ಲಿ ಯಾರಿಗೋ ಯಾರಿಗೋ ಯುದ್ಧ ಹತ್ತಿಕೊಂಡಿತ್ತಂತೆ. ಅದಕ್ಕೆ ಹುಡುಗರನ್ನು ತಯಾರು ಮಾಡೋಕೆ ಒಬ್ಬ ದೊರೆ ಬಂದು ಹೊಗರೆಹಳ್ಳಿಯಲ್ಲಿ ಡೇರೆ ಹಾಕಿದ್ದನಂತೆ. ಯಾವ ಯುದ್ಧ, ಯಾವ ದೊರೆ ಅಂತ ಕೇಳಬೇಡಿ. ಹೇಳಿದವರಿಗೇ ಗೊತ್ತಿರಲಿಲ್ಲ.

ಆ ಊರಲ್ಲಿ ಮೌನಾಚಾರಿ ಅಂತ ಒಬ್ಬ ಬಡಗಿ. ಹೆಸರಿಗೆ ತಕ್ಕ ಹಾಗೆ ಬಾಯಿ ಬಿಡದವನು. ಅವನ ಪಾಲಿನ ಮಾತನ್ನೂ ಸೇರಿಸಿ ಹೆಂಡತಿ ಕಾಳಮ್ಮನೇ ಆಡುತ್ತಿದ್ದಳು. ಅವನ ಕಣ್ಣು ಮಾತ್ರ ಕಣ್ಣಲ್ಲ, ತಕ್ಕಡಿ ಅಂತಾರೆ. ಹತ್ತು ಮಾರು ದೂರದಿಂದಲೇ ಬಾಗಿಲು ಕೂದಲೆಳೆಯಷ್ಟು ವಾರೆ ಅನ್ನೋದು ಕಾಣುತ್ತಿತ್ತಂತೆ. ಗೌಡರ ಮನೆ ಮದುವೆಯಲ್ಲಿ ಮದುಮಗನನ್ನು ನೋಡಿ, ಎಡಗಾಲು ಅರ್ಧ ಬೆರಳು ಗಿಡ್ಡ ಅಂದುಬಿಟ್ಟನಂತೆ. ವರ್ಷಕ್ಕೊಂದು ಸಲ ಬಾಯಿ ಬಿಡೋನು ಅದಕ್ಕೇ ಬಿಡಬೇಕಿತ್ತೆ? ಹೆಣ್ಣಿನ ಕಡೆಯವರು ಚಪ್ಪರದಲ್ಲೇ ಕಾಲು ಅಳೆದರು. ಸರಿಯಾಗಿ ಅರ್ಧ ಬೆರಳು.

ಆಚಾರಿಗಳ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಒಂದೊಂದು ಕೆಲಸಕ್ಕೂ ಹೊಸದಾಗಿ ಬಿದಿರಿನ ಅಳತೆಕೋಲು ಸೀಳಬೇಕು, ಕೆಲಸ ಮುಗಿದ ದಿನ ಅದನ್ನು ಮುರಿದು ಒಲೆಗೆ ಹಾಕಬೇಕು. ಒಂದರ ಅಳತೆ ಇನ್ನೊಂದಕ್ಕೆ ಹೋಗಬಾರದು ಅಂತ.

ದೊರೆ ಒಂದು ದಿನ ಮೌನಾಚಾರಿಯನ್ನು ಕರೆಸಿ, ನನಗೊಂದು ಹಾರದ ವಿಮಾನ ಬೇಕು ಅಂದನಂತೆ. ಕಲಿಯೋ ಹುಡುಗರು ನೆಲದ ಮೇಲೇ ಕೂತು ಕೈಕಾಲು ಪಳಗಿಸಿಕೊಳ್ಳಬೇಕು, ಮೇಲೆ ಹೋದಮೇಲೆ ಹುಡುಕಾಡಬಾರದು. ಮೌನಾಚಾರಿ ವಿಮಾನದೊಳಗೆ ಕೂತು, ಒಂದೊಂದು ಹಿಡಿ, ಒಂದೊಂದು ತಿರುಪು ಅಳೆದು, ಹಲಸಿನ ಮರದಲ್ಲಿ ಒಂದು ಪೆಟ್ಟಿಗೆ ಮಾಡಿದ. ಅದರ ಅಡಿಗೆ ಕಮ್ಮಾರರ ಕುಲುಮೆಯ ತಿದಿ ಕಟ್ಟಿದ. ಒಳಗಿನ ಹಿಡಿಕೋಲು ಎಡಕ್ಕೆ ನೂಕಿದರೆ ಎಡಗಡೆ ತಿದಿ ಉಸಿರು ಬಿಟ್ಟು ಪೆಟ್ಟಿಗೆ ಎಡಕ್ಕೆ ವಾಲುತ್ತಿತ್ತು, ಬಲಕ್ಕೆ ನೂಕಿದರೆ ಬಲಕ್ಕೆ. ಏಳೂರಿನ ಜನ ನೋಡೋಕೆ ಬಂದು ಹೊಗಳಿದರಂತೆ. ಪೂಜಾರಪ್ಪನ ಹೆಂಡತಿ ಹಟ ಹಿಡಿದು ಹತ್ತಿ ಕೂತು, ಕೆಳಗೆ ಇಳಿಯೋಕೆ ಮುಂಚೆಯೇ ಬೆಳಗಿನ ಉಪ್ಪಿಟ್ಟನ್ನೆಲ್ಲ ಕಕ್ಕಿದಳಂತೆ. ಅವಳು ಸ್ವರ್ಗಕ್ಕೆ ಹೋಗಿ ಬಂದೆ ಅಂತ ಸಾಯೋ ತನಕ ಹೇಳಿಕೊಂಡಳು.

ಆ ಹೊಗಳಿಕೆ ತಲೆಗೆ ಏರಿತು. ಮೌನಾಚಾರಿ ಅಳತೆಕೋಲು ಮುರಿಯಲಿಲ್ಲ. ಜಂತೆಗೆ ಸಿಕ್ಕಿಸಿ, ಬಂದವರಿಗೆಲ್ಲ ತೋರಿಸಿದ. ಕಾಳಮ್ಮ ಹೇಳಿದಳು, ಒಲೆಗೆ ಹಾಕ್ರೀ ಅಂತ. ಕೇಳಲಿಲ್ಲ.

ಆಮೇಲೆ ದೊಡ್ಡ ದೊಡ್ಡ ಪೆಟ್ಟಿಗೆಯಲ್ಲಿ ಹೊಸ ವಿಮಾನ ಬಂದವು. ಮೇಲ್ನೋಟಕ್ಕೆ ಹಳೆಯದರ ಪಡಿಯಚ್ಚು. ದೊರೆ ಎರಡೂ ಒಂದೇ ಜಾತಿ, ಇನ್ನೂ ಎರಡು ಕಲಿಯೋ ಪೆಟ್ಟಿಗೆ ಮಾಡು ಅಂದ. ಮೌನಾಚಾರಿ ಒಳಗೆ ಇಣುಕಿ ಕೂಡ ನೋಡದೆ, ಜಂತೆಯಿಂದ ಆ ಹಳೆಯ ಕೋಲನ್ನೇ ಎಳೆದು ಮಾಡಿಕೊಟ್ಟ. ಅಷ್ಟು ದೊಡ್ಡ ಕಣ್ಣಿನವನು ಕುರುಡನಾದದ್ದು ಆವತ್ತು ಅಂತಾರೆ.

ಆ ಪೆಟ್ಟಿಗೆಯಲ್ಲಿ ಕಲಿತು ಹೊಸ ವಿಮಾನ ಹತ್ತಿದ ಮೊದಲನೆಯವನು ಕೊಡಗಿನ ಚಂಗಪ್ಪ. ಹೋಗೋದೇನೋ ಹೋದ. ಇಳಿಯೋ ಹೊತ್ತಿಗೆ ಒಂದು ಕಡೆಯ ಪೆಟ್ರೋಲು ಮುಗಿಯಿತು, ಇನ್ನೊಂದು ಕಡೆಯದಕ್ಕೆ ತಿರುಪು ತಿರುಗಿಸಬೇಕು. ತಿರುಗಿಸೋಕೆ ಕೈ ಹಾಕಿದ, ವಿಮಾನ ಚಕ್ರ ಮಡಚಿಕೊಂಡಿತು. ಹೊಟ್ಟೆ ಮೇಲೆ ಜಾರಿಕೊಂಡು ಹೋಗಿ ಯಾರದೋ ಹುರುಳಿ ಹೊಲದಲ್ಲಿ ನಿಂತಿತು. ಚಂಗಪ್ಪನ ಜೀವ ಉಳಿಯಿತು, ಕಾಲು ಮುರಿಯಿತು. ದೊರೆ ಅವನನ್ನು ಹೇಡಿ ಅಂದ, ಹೆದರಿ ಏನೋ ಎಳೆದಿದ್ದಾನೆ, ಕಾಲು ಕೂಡಿಕೊಂಡ ಕೂಡಲೇ ಊರಿಗೆ ಅಟ್ಟುತ್ತೇನೆ ಅಂದ. ಉಳಿದ ಹನ್ನೊಂದು ಹುಡುಗರು ಇನ್ನು ಹತ್ತು ದಿನದಲ್ಲಿ ಅವೇ ವಿಮಾನ ಹತ್ತಬೇಕು ಅಂತಲೂ ಅಂದ.

ಮೌನಾಚಾರಿ ಚಂಗಪ್ಪನನ್ನು ನೋಡೋಕೆ ಹೋದ. ಕಾಳಮ್ಮ ರಾಗಿ ಗಂಜಿ ಹಿಡಿದು ಹಿಂದೆ ಹೋದಳು. ಚಂಗಪ್ಪ ಅವಳ ಎದುರಿಗೇ ಹೇಳಿದ: "ಆಚಾರ್ರೇ, ನಾನು ಹೆದರಲಿಲ್ಲ. ನಿಮ್ಮ ಪೆಟ್ಟಿಗೆ ಕಲಿಸಿದ ಜಾಗಕ್ಕೇ ನನ್ನ ಕೈ ಹೋಯಿತು."

ಮನೆಗೆ ಬಂದವನೇ ಕೋಲನ್ನು ನಾಲ್ಕು ತುಂಡು ಮಾಡಿದ. ಮುದ್ದೆ ಮುಟ್ಟಲಿಲ್ಲ. ಮಾರನೆಯ ದಿನ ದೊರೆಯ ಹತ್ತಿರ ಹೋಗಿ, ಹೊಸ ವಿಮಾನದ ಒಳಗೆ ಒಂದು ಸಲ ಕೂರಬೇಕು ಅಂತ ಬೇಡಿದ. ಬಡಗಿ ಬಡಗಿಯ ಹಾಗಿರಲಿ ಅಂತ ಕಾವಲಿನವರು ತಳ್ಳಿ ಕಳಿಸಿದರು.

ಅಲ್ಲಿಂದ ಶುರುವಾಯಿತು ನೋಡಿ. ದಿನಾ ಮಧ್ಯಾಹ್ನ, ಬಯಲಿನವರು ಉಂಡು ತೂಕಡಿಸೋ ಹೊತ್ತಿಗೆ ಸರಿಯಾಗಿ, ಮೌನಾಚಾರಿ ಪುಟ್ಟನಂಜಿಯ ಮನೆಗೆ. ಪುಟ್ಟನಂಜಿ ವಿಮಾನದ ಎಣ್ಣೆ ಜಿಡ್ಡು ಒರೆಸೋಕೆ ಹೋಗುತ್ತಿದ್ದವಳು. ಗಂಡ ಸತ್ತು ಎರಡು ವರ್ಷ, ನಡೆದರೆ ಕೆರೆ ಏರಿ ಮೇಲಿನ ಗಂಡಸರೆಲ್ಲ ದನ ಕಾಯೋದು ಮರೆಯುತ್ತಿದ್ದರಂತೆ. ಒಳಗೆ ಹೋದರೆ ಬಾಗಿಲು ಮುಚ್ಚೋದು, ಒಂದು ಗಳಿಗೆ ಬಿಟ್ಟು ತೆಗೆಯೋದು. ಹೊರಗೆ ಬಂದವನ ಪಂಚೆಗೆ ಕೆಮ್ಮಣ್ಣು, ಮೊಣಕಾಲಿಗೆ ಬಿಳಿ ಪುಡಿ. ಊರಿಗೆ ಇನ್ನೇನು ಬೇಕು? ನೀರು ಸೇದೋ ಬಾವಿಯ ಹತ್ತಿರ ಒಬ್ಬಳು ಕಾಳಮ್ಮನಿಗೆ ಚುಚ್ಚಿದಳಂತೆ: "ನಿನ್ನ ಗಂಡ ನಂಜಿ ಮನೇಲಿ ಅಳತೆ ತಗೋತವ್ನಂತೆ ಕಣೆ. ಇನ್ನೂ ಮುಗಿದಿಲ್ವಂತೆ."

ಕಾಳಮ್ಮ ಕೊಡ ಅಲ್ಲೇ ಕುಕ್ಕಿದಳು. ಎದೆ ಒಲೆಯಾಗಿತ್ತು. ಹನ್ನೊಂದು ಮಕ್ಕಳ ಜೀವ ಅಂತ ಅನ್ನ ಬಿಟ್ಟವನು ಇವನೇನಾ ಅಂತ ದಾರಿಯುದ್ದ ತನ್ನನ್ನೇ ಕೇಳಿಕೊಂಡಳು. ಕೈಯಲ್ಲಿ ಪರಕೆ, ಬೆನ್ನ ಹಿಂದೆ ಊರಿನ ಅರ್ಧ ಹೆಂಗಸರು. ಒಬ್ಬಳಂತೂ ಮಗುವನ್ನು ತೊಟ್ಟಿಲಲ್ಲೇ ಬಿಟ್ಟು ಓಡಿ ಬಂದಿದ್ದಳಂತೆ. ಕಾಳಮ್ಮ ನಂಜಿಯ ಬಾಗಿಲು ಒದ್ದಳು.

"ಕಾಳಕ್ಕ, ಅಲ್ಲೇ ನಿಂತ್ಕಳಿ, ರೆಕ್ಕೆ ತುಳಿದೀರಿ," ಅಂದಳು ಪುಟ್ಟನಂಜಿ.

ನೆಲದ ತುಂಬ ರಂಗೋಲಿ. ಕೆಮ್ಮಣ್ಣಲ್ಲಿ ಹಳೆಯ ವಿಮಾನ, ಅದರ ಮೇಲೇ ಬಿಳಿ ಪುಡಿಯಲ್ಲಿ ಹೊಸದು. ನಡುವೆ ಮೌನಾಚಾರಿ ಮೊಣಕಾಲೂರಿಕೊಂಡಿದ್ದ. ಎದ್ದು ಸಬೂಬು ಹೇಳಬೇಕು ಅನ್ನೋದು ಕೂಡ ತೋಚದಷ್ಟು ಮುಳುಗಿದ್ದ. ಪುಟ್ಟನಂಜಿ ವಿಮಾನ ಒರೆಸುವಾಗ ಸೀಟಿನಿಂದ ಒಂದೊಂದು ಹಿಡಿಗೂ ಸೆರಗು ಹಿಡಿದು, ಮುಟ್ಟಿದ ಕಡೆ ಗಂಟು ಹಾಕಿಕೊಂಡು ಬರುತ್ತಿದ್ದಳು. ಇವನು ಗಂಟಿನಿಂದ ಗಂಟಿಗೆ ಅಳೆದು ನೆಲಕ್ಕೆ ಇಳಿಸುತ್ತಿದ್ದ. ಕಾಳಮ್ಮನ ಮುಂದೆ ಅವನ ಬಾಯಿ ಕಟ್ಟೆ ಒಡೆದ ಹಾಗೆ ಹರಿಯಿತಂತೆ. ಹಳೇ ವಿಮಾನದ ಬಾಲದ ಮೇಲೆ ಒಂದು ಗೀಟು, ಹೊಸದರ ಬಾಲದ ಮೇಲೆ ಎರಡು ಗೀಟು. ಹಳೆಯದಕ್ಕೆ ಮೂಗಿನ ಮೇಲೆ ಗಿರಗಿರ ತಿರುಗೋ ಎಸಳು ಮೂರು, ಹೊಸದಕ್ಕೆ ನಾಲ್ಕು. ರೆಕ್ಕೆಯ ತುದಿ ಹಳೆಯದರದ್ದು ದುಂಡಗೆ, ಹೊಸದರದ್ದು ಕೊಯ್ದ ಹಾಗೆ. ಹೊರಗೇ ಇಷ್ಟು ಬೇರೆ ಇದ್ದದ್ದು ತನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಅಂತ ಹಣೆ ಚಚ್ಚಿಕೊಂಡ.

ಕಾಳಮ್ಮ ಪರಕೆ ಮೂಲೆಗೆ ಎಸೆದಳು. ರಂಗೋಲಿ ಓದೋಕೆ ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಎಡ ಮೊಣಕಾಲಿನ ಹತ್ತಿರ ಬೆರಳಿಟ್ಟಳು. ಕೆಂಪಿನಲ್ಲಿ ಅಲ್ಲಿ ಪೆಟ್ರೋಲಿನ ತಿರುಪು. ಬಿಳಿಯಲ್ಲಿ ಅದೇ ಜಾಗದಲ್ಲಿ ಚಕ್ರ ಮಡಿಸೋ ಹಿಡಿ. ಚಂಗಪ್ಪನ ಕಾಲು ಮುರಿದದ್ದು ಆ ಒಂದು ಗೇಣು ಜಾಗದಲ್ಲಿ. ಹೊಸದರಲ್ಲಿ ತಿರುಪು ಎಲ್ಲಿ ಹೋಯಿತು ಅಂತ ಕೇಳಿದಳು. ನಾಲ್ಕು ದಿನದಿಂದ ಅದನ್ನೇ ಹುಡುಕುತ್ತಾ ಇದ್ದೀವಿ, ಸಿಗುತ್ತಿಲ್ಲ ಅಂದರು.

"ಸೀಟಿನ ಕೆಳಗೆ ಒರೆಸಿದೀಯೇನೆ? ನಿನ್ನ ಕಸ ಗುಡಿಸೋದು ನಂಗೊತ್ತಿಲ್ವಾ, ಕಾಣೋ ಕಡೆ ಮಾತ್ರ," ಅಂದಳು ಕಾಳಮ್ಮ.

ಮಾರನೆಯ ದಿನ ಪುಟ್ಟನಂಜಿ ಸೀಟಿನ ಕೆಳಗೆ ಬಲಗಡೆ ಕೈ ಹಾಕಿ ಒರೆಸಿದಳು. ಬಟ್ಟೆ ಪೆಟ್ರೋಲು ನಾರಿತು, ತಿರುಪು ಸಿಕ್ಕಿತು. ಮೂವರೂ ಆ ನಾರುವ ಬಟ್ಟೆಯನ್ನು ಕೈಯಿಂದ ಕೈಗೆ ಕೊಟ್ಟುಕೊಂಡು ಮೂಸಿ ಮೂಸಿ ಕುಣಿದರಂತೆ, ಕಿಟಕಿಯಲ್ಲಿ ಇಣುಕಿದವರು ಹೇಳಿದ್ದು.

ಆಮೇಲೆ ಮೂವರೂ ಬಯಲಿಗೆ ಹೋದರು, ಊರೂ ಹೋಯಿತು. ಹಳೆಯದರ ಒಳಗು ಬೇರೆ, ಹೊಸದರ ಒಳಗು ಬೇರೆ ಅಂತ ಹೇಳಿದರು. ದೊರೆ ದುಭಾಷಿಯ ಬಾಯಲ್ಲಿ ನಗಾಡಿದ. ಹತ್ತು ವರ್ಷದಿಂದ ಹಾರಿಸುತ್ತಿದ್ದೇನೆ, ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ, ಎರಡೂ ಒಂದೇ ಅಂದ.

"ಹಂಗಾದ್ರೆ ಮುಚ್ಚಿಸ್ಕಳ್ಳಲಿ," ಅಂದಳು ಕಾಳಮ್ಮ. ಸೆರಗಿನ ತುದಿ ಹರಿದು, ಯಾರೂ ತಡೆಯೋಕೆ ಮುಂಚೆ ದೊರೆಯ ಕಣ್ಣಿಗೆ ಕಟ್ಟಿಬಿಟ್ಟಳು. ಪರಪುರುಷನ ಕಣ್ಣಿಗೆ ಸೆರಗು ಕಟ್ಟಿದಳು ಅಂತ ಊರು ಆರು ತಿಂಗಳು ಆಡಿಕೊಂಡಿತು, ಅದಿರಲಿ. ದೊರೆ ಬಿಂಕಕ್ಕೆ ಬಿದ್ದು ಎರಡು ಗೀಟಿನ ವಿಮಾನ ಹತ್ತಿ ಕೂತ. ಪೆಟ್ರೋಲು ಮುಗಿಯಿತು ಅಂದುಕೊಳ್ಳಿ, ತಿರುಪು ತಿರುಗಿಸಿ ಅಂತ ದುಭಾಷಿ ಕೂಗಿದ. ದೊರೆಯ ಕೈ ಎಡ ಮೊಣಕಾಲಿಗೆ ಹೋಯಿತು. ಎಳೆದ.

ವಿಮಾನ ದೊರೆ ಸಮೇತ ಕುಕ್ಕರಿಸಿತು. ಆ ಧೂಳು ಮೂರು ದಿನ ಇಳಿಯಲಿಲ್ಲ ಅಂತಾರೆ.

ದೊರೆ ತಾನೇ ಕಣ್ಣಿನ ಬಟ್ಟೆ ಬಿಚ್ಚಿದ. ಮೊದಲು ಹೋದದ್ದು ಚಂಗಪ್ಪ ಮಲಗಿದ್ದ ಕಡೆಗೆ. ಟೋಪಿ ತೆಗೆದು ಮಾತಾಡಿದ ಅಂತ ಕೆಲವರು, ಅತ್ತ ಅಂತ ಕೆಲವರು. ಮೌನಾಚಾರಿ ಹೊಸ ಕೋಲು ಸೀಳಿ, ಈ ಸಲ ವಿಮಾನದೊಳಗೇ ಕೂತು ಅಳೆದು, ಎರಡೂ ಪೆಟ್ಟಿಗೆ ಬಿಚ್ಚಿ ಕಟ್ಟಿದ. ಹತ್ತನೇ ದಿನ ಹನ್ನೊಂದು ಹುಡುಗರು ಮೇಲೆ ಹೋದರು. ಊರು ಕತ್ತು ಎತ್ತಿಕೊಂಡು ಎಣಿಸುತ್ತಾ ನಿಂತಿತು. ಹನ್ನೊಂದು ಇಳಿದವು. ಕಾಳಮ್ಮ ಅಲ್ಲೇ ಹುರುಳಿ ಹೊಲದ ಬದುವಿನ ಮೇಲೆ ಕೂತು ಬಿಕ್ಕಿದಳು.

ಅವನಿಗೂ ನಂಜಿಗೂ ಏನೂ ಇರಲಿಲ್ಲವಾ ಅಂತ ತಾನೇ ಕೇಳೋದು? ಕಾಳಮ್ಮನನ್ನೂ ಕೇಳಿದ್ದರಂತೆ. "ಇದ್ದಿದ್ರೆ ಅದಕ್ಕೂ ರಂಗೋಲಿ ಹಾಕಿರೋರು," ಅಂದಳಂತೆ. ಸಾಯೋ ತನಕ ನಂಜಿಯನ್ನು ಬಿಡದೆ ಜೊತೆಗಿಟ್ಟುಕೊಂಡಿದ್ದಳು. ಪ್ರೀತಿಗೋ ಕಾವಲಿಗೋ, ಅವಳಿಗೇ ಗೊತ್ತು.

ಹೊಗರೆಹಳ್ಳಿಯಲ್ಲಿ ಈಗಲೂ ಹೊಸ ಟ್ರ್ಯಾಕ್ಟರು ಬರಲಿ, ಬೈಕು ಬರಲಿ, ಚಕ್ರಕ್ಕೆ ನಿಂಬೆಹಣ್ಣು ಇಡೋಕೆ ಮುಂಚೆ ಮನೆಯ ಹೆಂಗಸು ಓಡಿಸೋನ ಕಣ್ಣಿಗೆ ಸೆರಗು ಕಟ್ಟುತ್ತಾಳೆ. ಮೌನಾಚಾರಿ ಹೆಸರು ಹೇಳಿ, ಬ್ರೇಕು ಎಲ್ಲಿ, ಕ್ಲಚ್ಚು ಎಲ್ಲಿ, ಲೈಟು ಎಲ್ಲಿ ಅಂತ ಕೇಳುತ್ತಾಳೆ. ತಪ್ಪಿದರೆ ಆವತ್ತು ಗಾಡಿ ಹೊರಡೋ ಹಾಗಿಲ್ಲ. ಹೋದ ವರ್ಷ ಚೇರ್ಮನ್ನರು ದೊಡ್ಡ ಕಾರು ತಂದು, ಊರೆಲ್ಲ ನೋಡುತ್ತಿರುವಾಗ ಬ್ರೇಕು ಅಂತ ಮೂರು ಸಲ ಹಾರನ್ನು ಒತ್ತಿದರು. ಹೆಂಡತಿ ಅವರ ಕಣ್ಣಿನ ಸೆರಗು ಬಿಚ್ಚಿದಳು, ಕೀಲಿ ಕಿತ್ತುಕೊಂಡಳು, ತಾನು ಡ್ರೈವಿಂಗು ಕಲಿತಳು. ಈಗ ಕಾರು ಅವಳೇ ಓಡಿಸೋದು. ಚೇರ್ಮನ್ನರು ಪಕ್ಕದ ಸೀಟಿನಲ್ಲಿ ಎರಡೂ ಕೈ ತೊಡೆ ಮೇಲೆ ಇಟ್ಟುಕೊಂಡು ಕೂತಿರುತ್ತಾರೆ.