ಎಲ್ಲ ದಿಕ್ಕಿನ ಆಂಟೆನಾ

ಹೊಳೆದಂಡೆಯ ಆಶ್ರಮದಲ್ಲಿ ಆಯುಷ್ಯವೆಲ್ಲ ಅಡುಗೆ ಮಾಡಿದ ಪುಟ್ಟತಾಯಮ್ಮ ಹಾಸಿಗೆ ಹಿಡಿದಿದ್ದರು. ದನಿಯೂ ಉಡುಗಿತ್ತು. ಅಂದು ಸಂಜೆ ಅವರ ಮೊಮ್ಮಗಳು ಶರ್ವಾಣಿ ಟಿವಿಯಲ್ಲಿ ಹಾಡುವವಳಿದ್ದಳು. ಅವಳನ್ನು ಕಣ್ತುಂಬ ನೋಡಬೇಕೆಂಬುದೊಂದೇ ಅವರ ಆಸೆ.

ಆಂಟೆನಾ ತರಲು ಗುರುಗಳು ಶಿಷ್ಯ ಶಂಭುಲಿಂಗನನ್ನು ಪೇಟೆಗೆ ಕಳಿಸಿದರು.

ಅಂಗಡಿಯವನು ಎರಡು ತೋರಿಸಿದ. ಒಂದು ಉದ್ದನೆಯದು, ಒಂದೇ ಕಡೆಗೆ ಮುಖ ಮಾಡಿ ನಿಲ್ಲುವಂಥದು. ಇನ್ನೊಂದು ದುಂಡಗಿನದು, ಎಲ್ಲ ದಿಕ್ಕಿನಿಂದಲೂ ಹಿಡಿಯುವಂಥದು.

"ಟಿವಿ ಟವರ್ ಯಾವ ಕಡೆಗಿದೆ, ಸ್ವಾಮಿ?" ಎಂದು ಕೇಳಿದ ಅಂಗಡಿಯವನು.

"ಎಲ್ಲ ಕಡೆಯಿಂದಲೂ ಬರುವಾಗ ಅದೆಲ್ಲ ಯಾಕೆ?" ಎಂದ ಶಂಭುಲಿಂಗ ದುಂಡಗಿನದನ್ನು ಎತ್ತಿಕೊಂಡ.

ಮಧ್ಯಾಹ್ನ ಅದನ್ನು ತಾರಸಿಯ ಮೇಲೆ ನಿಲ್ಲಿಸಿದ. ಟಿವಿಯಲ್ಲಿ ಬರೀ ಗೊರಗೊರ ಸದ್ದು. ಒಂದು ಮುಖದ ಮೇಲೆ ಇನ್ನೊಂದು ಮುಖ.

"ಗುರುಗಳೇ, ಎಲ್ಲವೂ ಬರುತ್ತಿದೆ. ಏನೂ ಕಾಣುತ್ತಿಲ್ಲ."

"ಹೊಟ್ಟೆಬಾಕ ಆಂಟೆನಾ. ನಿನ್ನನ್ನು ನೋಡಿಯೇ ಕೊಟ್ಟಿದ್ದಾನೆ."

"ಇನ್ನೂ ಎತ್ತರದ ಕಂಬ ನೆಡಲೇ?"

ಗುರುಗಳು ಅವನನ್ನು ಪುಟ್ಟತಾಯಮ್ಮನ ಕೋಣೆಗೆ ಕರೆದೊಯ್ದರು. ಹೊರಗೆ ಶಿಷ್ಯರು ಗಟ್ಟಿಯಾಗಿ ಪಾಠ ಒಪ್ಪಿಸುತ್ತಿದ್ದರು. ಅಂಗಳದಲ್ಲಿ ಯಾರೋ ಸೌದೆ ಒಡೆಯುತ್ತಿದ್ದರು.

"ಏನು ಬೇಕೆಂದು ಅಮ್ಮನನ್ನು ಕೇಳು."

ಕೇಳಿದ. ಅವರ ತುಟಿ ಅಲುಗಿತು, ಮಾತು ಕೇಳಿಸಲಿಲ್ಲ.

ಶಂಭುಲಿಂಗ ಗದ್ದಲಕ್ಕೆ ಬೆನ್ನು ಮಾಡಿ ಬಗ್ಗಿದ. ಕಿವಿಯ ಹಿಂದೆ ಅಂಗೈ ಅಡ್ಡ ಹಿಡಿದು, ಕಿವಿಯನ್ನು ಅವರ ಬಾಯಿಯ ಹತ್ತಿರ ತಂದ.

"ಒಂದು ಗುಟುಕು ನೀರು ಕೊಡು ಮಗಾ," ಎಂದರು ಪುಟ್ಟತಾಯಮ್ಮ. "ಶರ್ವಾಣಿ ಬರ್ತಾಳೇನಪ್ಪಾ?"

ಅವನು ನೀರು ಕುಡಿಸಿ ಎದ್ದ.

"ಈಗ ಕಿವಿಗೆ ಹೇಗೆ ಕೈ ಹಿಡಿದೆಯೋ, ಹಾಗಿರುವುದನ್ನು ಕೇಳಿ ತಾ," ಎಂದರು ಗುರುಗಳು.

ಶಂಭುಲಿಂಗ ಪೇಟೆಗೆ ಓಡಿದ. ದುಂಡಗಿನದನ್ನು ಹಿಂದಕ್ಕೆ ಕೊಟ್ಟು ಉದ್ದನೆಯದನ್ನು ತಂದ. ಹೊಳೆಯಾಚೆ ಗುಡ್ಡದ ಮೇಲೆ ಕಾಣುವ ಟವರಿನತ್ತ ಅದರ ಮುಖ ತಿರುಗಿಸಿ ಬಿಗಿದ.

ಸಂಜೆ ಹಾಸಿಗೆಯ ಮುಂದೆ ತಂದಿಟ್ಟ ಟಿವಿಯ ಪರದೆಯ ಮೇಲೆ ಶರ್ವಾಣಿ ತಂಬೂರಿಯ ಪಕ್ಕದಲ್ಲಿ ಕುಳಿತಿದ್ದಳು. ಮೂಗುತಿಯ ಹೊಳಪೂ ಕಾಣುತ್ತಿತ್ತು. ಪುಟ್ಟತಾಯಮ್ಮನ ಬೆರಳುಗಳು ಹೊದಿಕೆಯ ಮೇಲೆ ತಾಳ ಹಾಕುತ್ತಿದ್ದವು.

ಶಂಭುಲಿಂಗನಿಗೆ ಆದರೂ ಒಂದು ಕೊರಗು ಉಳಿದಿತ್ತು. ಗುರುಗಳ ಪಕ್ಕಕ್ಕೆ ಸರಿದು ಪಿಸುಗುಟ್ಟಿದ.

"ಗುರುಗಳೇ, ಇದರಲ್ಲಿ ಬೇರೆ ಸ್ಟೇಷನ್ ಯಾವುದೂ ಬರುವುದಿಲ್ಲ."

ಗುರುಗಳು ಹಾಸಿಗೆಯ ಕಡೆ ನೋಡಿದರು.

"ಅವರಿಗೂ ಬೇರೆ ಮೊಮ್ಮಗಳಿಲ್ಲ."